ಅಲ್ಸರ್‌ಗೆ ಖಾರ ಬಿಟ್ಟರೆ ಸಾಲದು: ಒಂದು ಸ್ಪಷ್ಟನೆ

"ಅಲ್ಸರ್‌ಗೆ ಖಾರವೇ ಕಾರಣ. ಮೂರು ತಿಂಗಳು ಮೆಣಸಿನಕಾಯಿ ಬಿಡಿ, ಮಜ್ಜಿಗೆ ಅನ್ನ ಉಣ್ಣಿ, ಮಾತ್ರೆಯೇ ಬೇಡ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಹೋದ ವಾರ ನಮ್ಮ ಮನೆಯವರ ಗ್ರೂಪಿಗೆ ಅದನ್ನು ಹಾಕಿದವಳು ನಾನೇ. ಅದು ತಪ್ಪು, ಕ್ಷಮಿಸಿ.

ಖಾರದಿಂದ ಉರಿ ಹೆಚ್ಚಬಹುದು, ನಿಜ. ಆದರೆ ಅಲ್ಸರ್‌ಗೆ, ಅಂದರೆ ಹೊಟ್ಟೆಯೊಳಗಿನ ಹುಣ್ಣಿಗೆ, ಮುಖ್ಯ ಕಾರಣಗಳು ಬೇರೆ: ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಇಲ್ಲವೇ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ. ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾ ಬೆರೆತ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ ಕಂಡಿತು. ಅವರಿಗೂ, ಅವರ ಜೊತೆ ಈ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದ ರಾಬಿನ್ ವಾರೆನ್ ಅವರಿಗೂ 2005ರಲ್ಲಿ ನೊಬೆಲ್ ಬಂತು.

ಸೋಂಕನ್ನು ಉಸಿರಿನ ಇಲ್ಲವೇ ಮಲದ ಪರೀಕ್ಷೆಯಿಂದ ಪತ್ತೆ ಮಾಡಬಹುದು. ಇದ್ದರೆ ಸಾಮಾನ್ಯವಾಗಿ ಎರಡು ವಾರ ಆಂಟಿಬಯೋಟಿಕ್, ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ. ಮಂಡಿನೋವಿಗೆಂದು ದಿನಾ ಗುಳಿಗೆ ನುಂಗುವ ಅಜ್ಜಿಗೆ ಸಾರಿನ ಖಾರ ಕಡಿಮೆ ಮಾಡಿದರೆ ಏನು ಬಂತು? ಆ ಗುಳಿಗೆಯ ಖಾಲಿ ಸ್ಟ್ರಿಪ್ಪನ್ನೇ ಡಾಕ್ಟರಿಗೆ ತೋರಿಸಿ. ಟಾರಿನಂಥ ಕಪ್ಪು ಮಲ, ರಕ್ತವಾಂತಿ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅವರಿಗೇ ಇದನ್ನೂ ಕಳಿಸಿ.