ಕುತ್ತಿಗೆಗೆ ಪಟ್ಟಿ ಇದ್ದರೆ ಪ್ರೊಫೆಷನಲ್ಲು

‘ಫೋಟೋಗ್ರಫಿ ಕಲೀಬೇಕು, ಬಜೆಟ್ ಕಡಿಮೆ, ಯಾವ ಕ್ಯಾಮೆರಾ ತಗೊಳ್ಳಲಿ’ ಎಂದು ಯಾರಾದರೂ ಕೇಳಿದರೆ ನಾನೀಗ ಸೆನ್ಸರ್, ಮೆಗಾಪಿಕ್ಸೆಲ್ ಮಾತು ಎತ್ತುವುದೇ ಇಲ್ಲ. ನನ್ನದು ಒಂದೇ ಪ್ರಶ್ನೆ. ಗೇಟಿನಲ್ಲಿ ಕಾಣಿಸುತ್ತೋ, ಕಾಣಿಸಲ್ವೋ?

ಯಾವ ಗೇಟು ಅಂತ ಕೇಳಬೇಡಿ. ಪಾರ್ಕು, ಮಾಲು, ಮ್ಯೂಸಿಯಂ, ಕೆರೆಯ ಸುತ್ತ ಹಾಕಿದ ಬೇಲಿ, ಎಲ್ಲ ಕಡೆಯೂ ಡೈಲಾಗ್ ಒಂದೇ. ‘ಕ್ಯಾಮೆರಾ ಅಲೋ ಇಲ್ಲ ಸಾರ್. ಮೊಬೈಲಲ್ಲಿ ಎಷ್ಟು ಬೇಕಾದ್ರೂ ತೆಕ್ಕೊಳ್ಳಿ.’ ಇದನ್ನು ಕೇಳಿಸಿಕೊಳ್ಳದ ಕ್ಯಾಮೆರಾ ಮಾಲೀಕರು ಯಾರಾದರೂ ಇದ್ದರೆ ಅವರಿನ್ನೂ ಡಬ್ಬಿ ಒಡೆದಿಲ್ಲ ಅಂತಲೇ ಅರ್ಥ.

ಈ ಗೇಟಿನಣ್ಣಂದಿರ ಜ್ಞಾನಕ್ಕೆ ಭೇಷ್ ಅನ್ನಲೇಬೇಕು. ಜಪಾನಿನ ಎಂಜಿನಿಯರುಗಳು ಎಂಟ್ರಿ ಲೆವೆಲ್, ಸೆಮಿ ಪ್ರೊ, ಪ್ರೊ ಅಂತ ಏನೇನೋ ದರ್ಜೆ ಮಾಡಿಕೊಂಡು ಒದ್ದಾಡುತ್ತಾರೆ. ನಮ್ಮವರು ಕೂತಲ್ಲಿಂದಲೇ ಇತ್ಯರ್ಥ ಮಾಡುತ್ತಾರೆ. ಕುತ್ತಿಗೆಗೆ ಪಟ್ಟಿ ಇದ್ದರೆ ಪ್ರೊಫೆಷನಲ್ಲು. ಕ್ಯಾನನ್ 2018ರಲ್ಲಿ 3000ಡಿ ಅಂತ ಒಂದು ಬಿಟ್ಟಿತ್ತು. ಲೆನ್ಸ್ ಕೂರುವ ಬಳೆಯೂ ಪ್ಲಾಸ್ಟಿಕ್. ಆನ್-ಆಫ್ ಸ್ವಿಚ್ಚಿಗೆ ಬೇರೆ ಜಾಗ ಯಾಕೆ ದಂಡ ಅಂತ ಅದನ್ನೂ ಮೋಡ್ ಡಯಲ್ ಮೇಲೇ ಕೂರಿಸಿದ್ದರು. ಅಷ್ಟು ಬಡಪಾಯಿ. ಅದನ್ನು ನೇತುಹಾಕಿಕೊಂಡು ಹೋಗಿ ನೋಡಿ, ಕಾಡಿನಲ್ಲಿ ಆರು ತಿಂಗಳು ಚಿರತೆ ಕಾಯುವವರ ಸಾಲಿಗೆ ಸೇರಿಸಿಬಿಡುತ್ತಾರೆ. ಕಂಪನಿಯೇ ಕೊಡದ ಮರ್ಯಾದೆ ಅದು.

ಅದೇ ಹೊತ್ತಿಗೆ ಪಕ್ಕದಲ್ಲೊಂದು ರೀಲ್ಸ್ ತಂಡ ಒಳಗೆ ಹೋಗುತ್ತದೆ. ಗಿಂಬಲ್ಲು, ರಿಂಗ್ ಲೈಟು, ಬ್ಲೂಟೂತ್ ಸ್ಪೀಕರ್, ಒಂದೇ ಬಣ್ಣದ ಸೀರೆ ಉಟ್ಟ ನಾಲ್ಕು ಜನ. ಒಬ್ಬ ಸೇವಂತಿಗೆ ಪಾತಿಯೊಳಗೆ ಕಾಲಿಟ್ಟು ‘ಅಕ್ಕಾ, ಇನ್ನೊಂದ್ಸಲ, ಈ ಸಲ ನಗು ಜಾಸ್ತಿ’ ಅಂತ ಕೂಗುತ್ತಾನೆ. ಪರವಾಗಿಲ್ಲ, ಅದು ಮೊಬೈಲು. 200 ಮೆಗಾಪಿಕ್ಸೆಲ್ ಇರಲಿ, ನೂರು ಪಟ್ಟು ಜೂಮ್ ಇರಲಿ, ಮೊಬೈಲು ಅಂದಮೇಲೆ ನಿರಪರಾಧಿ. 24 ಮೆಗಾಪಿಕ್ಸೆಲ್ಲಿನ ಕ್ಯಾನನ್ 1500ಡಿ ಹಿಡಿದ ಕಾಲೇಜು ಹುಡುಗ ಮಾತ್ರ ಆಚೆ ನಿಲ್ಲಬೇಕು.

ಇದು ಗೇಟಿನವರೊಬ್ಬರ ತಪ್ಪಲ್ಲ ಬಿಡಿ. ಮೇಲಿನವರೂ ಕ್ಯಾಮೆರಾವನ್ನು ಹಾಗೇ ನೋಡಿದ್ದಾರೆ. ಜಿಎಸ್‌ಟಿ ಬಂದಾಗ ಡಿಜಿಟಲ್ ಕ್ಯಾಮೆರಾ ಕೂತದ್ದು 28 ಪರ್ಸೆಂಟಿನ ಪಂಕ್ತಿಯಲ್ಲಿ. ಅಕ್ಕಪಕ್ಕ ಸಿಗರೇಟು, ಪಾನ್ ಮಸಾಲ. ಆಗ ಮೊಬೈಲಿಗೆ 12. 2019ರ ಜನವರಿಯಲ್ಲಿ ಕ್ಯಾಮೆರಾವನ್ನು 18ಕ್ಕೆ ಇಳಿಸಿದರು, 2020ರ ಏಪ್ರಿಲ್‌ನಲ್ಲಿ ಮೊಬೈಲನ್ನೂ 18ಕ್ಕೆ ಏರಿಸಿದರು. ತೆರಿಗೆಯಲ್ಲಿ ಸಮಾನತೆ ಬಂತು. ಗೇಟಿಗೆ ಆ ಸುತ್ತೋಲೆ ಇನ್ನೂ ತಲುಪಿಲ್ಲ.

ಇನ್ನು ಅಂಗಡಿ. ಅಲ್ಲಿ ಹೊಸಬರಿಗೆ ‘ಕಾಂಬೊ’ ಕಟ್ಟುತ್ತಾರೆ. ಒಂದು 18-55 ಎಂಎಂ ಲೆನ್ಸು, ಒಂದು 55-250 (ಎಂಎಂ ಜಾಸ್ತಿಯಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಕಾರ್ಡು, ಮೇಲೊಂದು ಫ್ರೀ ಬ್ಯಾಗು. ‘ಇದ್ರಲ್ಲಿ ಬರ್ಡ್ಸ್ ಎಲ್ಲಾ ಬರುತ್ತೆ ಸಾರ್.’ ಬರುತ್ತೆ, ಅದು ಕೊಕ್ಕರೆ ಅಂತ ನೀವು ಕೈತೋರಿಸಿ ಹೇಳಬೇಕು ಅಷ್ಟೆ. ಬ್ಯಾಗಿನ ಮೇಲೆ ಕಂಪನಿ ಹೆಸರು ಅಂಗೈ ಅಗಲ. ಪಟ್ಟಿಯ ಮೇಲಂತೂ ಒಬ್ಬರದ್ದು ಹಳದಿ, ಇನ್ನೊಬ್ಬರದ್ದು ಕೆಂಪು. ಟಿಕೆಟ್ ಕೌಂಟರಿನ ಸಾಲಿನಲ್ಲಿ ನಿಂತಾಗಲೇ ನಿಮ್ಮ ಜಾತಕ ಹೊರಬಿತ್ತು. ಹಾಗಾಗಿ ಹೊಸ ಕ್ಯಾಮೆರಾ ತಗೊಂಡ ಕೂಡಲೇ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಕರಿ ಇನ್ಸುಲೇಷನ್ ಟೇಪ್ ತನ್ನಿ. ಪಟ್ಟಿಯ ಅಕ್ಷರದ ಮೇಲೆ ಸುತ್ತಿ. ಲೆನ್ಸ್ ಕ್ಲೀನರ್ ಆಮೇಲೆ ನೋಡೋಣ.

ಲೆನ್ಸಿನಲ್ಲೂ ಇದೇ ಲೆಕ್ಕ. ಕ್ಯಾನನ್‌ದು 24 ಎಂಎಂ ಪ್ಯಾನ್‌ಕೇಕ್ ಲೆನ್ಸ್ ಒಂದಿದೆ. ದಪ್ಪ ಎರಡೂಕಾಲು ಸೆಂಟಿಮೀಟರ್, ತೂಕ 125 ಗ್ರಾಂ. ತಿಳಿದವರು ಅದರ ಶಾರ್ಪ್‌ನೆಸ್ ಹೊಗಳುತ್ತಾರೆ. ನಾನು ಹೊಗಳುವುದು ಬೇರೆ ಕಾರಣಕ್ಕೆ. ಹಾಕಿದರೂ ಲೆನ್ಸೇ ಇಲ್ಲದ ಹಾಗೆ ಕಾಣುತ್ತದೆ. ‘ಕೆಟ್ಟುಹೋಗಿದೆ ಅಣ್ಣಾ, ರಿಪೇರಿಗೆ ಒಯ್ತಿದೀನಿ’ ಅಂದರೂ ನಂಬುತ್ತಾರೆ.

ಹಾಗಾದರೆ ಜೇಬಿಗೆ ಹಿಡಿಯುವ ಪುಟ್ಟ ಕ್ಯಾಮೆರಾನೇ ತಗೊಂಡರೆ? ಆಹಾ, ತಡವಾಯಿತು. ಇಪ್ಪತ್ತರ ಮಕ್ಕಳೆಲ್ಲ ಈಗ ಅಮ್ಮನ ಬೀರುವಿನಲ್ಲಿದ್ದ ಹಳೇ ಡಿಜಿಟಲ್ ಕ್ಯಾಮೆರಾ ಹುಡುಕಿ ಹೊರಟಿದ್ದಾರೆ. ಫೋಟೋ ಮಸುಕಾಗಿ ಬರಬೇಕು, ಫ್ಲ್ಯಾಶ್ ಮುಖಕ್ಕೆ ರಾಚಬೇಕು, ಅದು ‘ವೈಬ್’. ಕಂಪನಿಗೆ ಇದು ಗೊತ್ತಾಗದೆ ಇರುತ್ತಾ? ಕ್ಯಾನನ್ 2016ರಲ್ಲಿ ಅಮೆರಿಕದಲ್ಲಿ 210 ಡಾಲರಿಗೆ ಮಾರಿದ್ದ ಪುಟಾಣಿ ಪವರ್‌ಶಾಟ್ ಎಲ್ಫ್ 360 ಅನ್ನು 2025ರಲ್ಲಿ ಮತ್ತೆ ತಂದಿತು. ಅದೇ ಸೆನ್ಸರ್, ಅದೇ ಜೂಮ್. ಎಸ್‌ಡಿ ಕಾರ್ಡಿನ ಜಾಗಕ್ಕೆ ಮೈಕ್ರೊ ಎಸ್‌ಡಿ, ವೈಫೈನಲ್ಲಿ ನೇರ ಪ್ರಿಂಟ್ ತೆಗೆಯುವ ಸೌಲಭ್ಯ ಮಾಯ. ಬೆಲೆ ಸುಮಾರು 380 ಡಾಲರ್. ನಮ್ಮ ಮನೆಗಳಲ್ಲಿ ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುವಾಗ ನಾಲ್ಕು ಕಡಲೆಬೀಜವನ್ನಾದರೂ ಹಾಕುತ್ತಾರೆ. ಇವರು ಇದ್ದ ಕಡಲೆಬೀಜವನ್ನೂ ಆರಿಸಿಕೊಂಡು ಬಡಿಸಿದರು.

ಸೆಕೆಂಡ್ ಹ್ಯಾಂಡ್ ವಾಸಿ ಅಂತೀರಾ? ವಾಸಿಯೇ. ಮಾರುವವರೆಲ್ಲ ‘ಮಗುವಿನ ನಾಮಕರಣಕ್ಕೆ ಅಂತ ತಗೊಂಡಿದ್ದು, ಆಮೇಲೆ ಮುಟ್ಟೇ ಇಲ್ಲ’ ಅನ್ನುತ್ತಾರೆ. ನಿಕಾನ್ ಆದರೆ ಶಟರ್ ಎಷ್ಟು ಸಲ ಬಿದ್ದಿದೆ ಅನ್ನುವುದನ್ನು ಪ್ರತಿ ಫೋಟೋದ ಒಳಗೇ ಬರೆದಿಡುತ್ತದೆ. ಒಂದು ಫೋಟೋ ತೆಗೆದು ಲೆಕ್ಕ ನೋಡಿ, ನಾಮಕರಣಕ್ಕೆ ಊರಿಗೆ ಊರೇ ಬಂದಿತ್ತಾ ಅಂತ ಗೊತ್ತಾಗುತ್ತದೆ. ಕ್ಯಾನನ್ ಅಷ್ಟು ಸುಲಭಕ್ಕೆ ಬಾಯಿ ಬಿಡಲ್ಲ.

ಕಾಡಿಗೆ ಹೋಗುವವರಿಗೆ ಇನ್ನೊಂದು ಗಣಿತವಿದೆ. ನಮ್ಮ ಸಫಾರಿಗಳಲ್ಲಿ ಲೆನ್ಸಿನ ಎಂಎಂ ನೋಡಿ ಶುಲ್ಕ ಹಾಕುವ ಪದ್ಧತಿ ನಿಮಗೆ ಗೊತ್ತೇ ಇದೆ. ಲೆನ್ಸ್ ಉದ್ದವಾದಷ್ಟೂ ರಸೀದಿ ಉದ್ದ. ಪುಸ್ತಕ ಓದಿ ಬಂದ ಹೊಸಬರು ಕೌಂಟರಿನಲ್ಲಿ ‘ಇದು 250 ಸಾರ್, ಆದ್ರೆ ನಮ್ಮ ಸೆನ್ಸರ್‌ನಲ್ಲಿ 400ಕ್ಕೆ ಸಮ’ ಅಂತ ಜಂಬ ಕೊಚ್ಚಬೇಡಿ. ಸೆನ್ಸರ್ ಚಿಕ್ಕದಾದಷ್ಟೂ ಅದೇ ಲೆನ್ಸ್ ಇನ್ನೂ ಹತ್ತಿರ ಎಳೆದ ಹಾಗೆ ಕಾಣುತ್ತದೆ, ನಿಜ. ಲೆಕ್ಕ ಸರಿ, ಜಾಗ ತಪ್ಪು. ನಿಕಾನ್ ಪಿ1000 ಅಂತ ಒಂದಿದೆ. ಲೆನ್ಸಿನ ಮೇಲೆ 4.3ರಿಂದ 539 ಎಂಎಂ, ಜಾಹೀರಾತಿನಲ್ಲಿ 3000 ಎಂಎಂ. ಒಳಗಿರೋದು ಉಗುರಿನಷ್ಟು ಸೆನ್ಸರ್. ಅದನ್ನು ಯಾವ ದರಕ್ಕೆ ಹಾಕಬೇಕು ಅಂತ ಕೌಂಟರಿನಲ್ಲಿ ಚರ್ಚೆ ಶುರುವಾದರೆ ಜೀಪು ಹೊರಟುಹೋಗುತ್ತದೆ. ಹುಲಿ ಕಾಣದಿದ್ದರೆ ಎಂಎಂ ದುಡ್ಡು ವಾಪಸ್ ಕೊಡುವುದಿಲ್ಲ, ಅದನ್ನೂ ಕೇಳಬೇಡಿ.

ನಗು ಸಾಕು. ಮದುವೆಗೆ ಮುಂಚಿನ ಶೂಟಿಂಗ್ ಅಂತ ಬಣ್ಣದ ಹೊಗೆ ಬಿಟ್ಟು ದಾರಿ ಅಡ್ಡಗಟ್ಟುವವರಿಂದ ದುಡ್ಡು ಕೀಳಿ, ಯಾರೂ ಬೇಡ ಅನ್ನಲ್ಲ. ಅವರನ್ನು ಗುರುತಿಸೋಕೆ ಎಂಎಂ ಬೇಕಾಗಿಲ್ಲ, ಕಣ್ಣಿದ್ದರೆ ಸಾಕು. ಆದರೆ ಟ್ಯೂಷನ್ ಹೇಳಿಕೊಟ್ಟ ದುಡ್ಡು ಕೂಡಿಸಿ ಹಳೇ ಕ್ಯಾಮೆರಾ ತಗೊಂಡು, ಭಾನುವಾರ ಬೆಳಿಗ್ಗೆ ಒಂದು ಮರದ ಫೋಟೋ ತೆಗೆಯೋಕೆ ಬಂದ ಹುಡುಗಿಯನ್ನು ಹತ್ತು ಜನರ ಮುಂದೆ ಬ್ಯಾಗ್ ಬಿಚ್ಚಿಸಿ ವಾಪಸ್ ಕಳಿಸುತ್ತೀರಲ್ಲ, ಯಾವ ನಿಯಮ ಅದು? ಎಲ್ಲಿ ಬರೆದಿದೆ? ಕೇಳಿದರೆ ‘ಸಾಹೇಬರು ಹೇಳಿದ್ದಾರೆ’. ಯಾವ ಸಾಹೇಬರು? ‘ಇವತ್ತು ರಜೆ.’ ಆ ಮರ ಯಾರಪ್ಪನ ಮನೆಯದ್ದೂ ಅಲ್ಲ. ಅವಳಪ್ಪನ ತೆರಿಗೆಯಲ್ಲೇ ಅದಕ್ಕೆ ನೀರು ಹೋಗುತ್ತಿರುವುದು.

ಸರಿ, ಸಲಹೆ ಕೇಳಿದಿರಲ್ಲ. ಹಳೇ ಕ್ಯಾಮೆರಾ ಬಾಡಿ, ಒಂದು ಪ್ಯಾನ್‌ಕೇಕ್ ಲೆನ್ಸ್, ಕರಿ ಟೇಪು, ಬ್ಯಾಗಿನ ಬದಲು ತರಕಾರಿ ಚೀಲ. ಹಂಪಿ, ಬಾದಾಮಿ ಕಡೆ ಧೈರ್ಯವಾಗಿ ಹೋಗಿ. 2018ರ ಜುಲೈನಲ್ಲಿ ಪ್ರಧಾನಿಯೇ ಬಾಯಿ ಬಿಟ್ಟು ಕೇಳಿದ ಮೇಲೆ ಪುರಾತತ್ವ ಇಲಾಖೆ ಅಜಂತಾ ಗುಹೆ, ಲೇಹ್ ಅರಮನೆ, ತಾಜ್‌ಮಹಲಿನ ಗೋರಿ ಬಿಟ್ಟು ಉಳಿದ ಸ್ಮಾರಕಗಳಲ್ಲಿ ಫೋಟೋ ತೆಗೆಯಲು ಬಿಟ್ಟಿದೆ. ಟ್ರೈಪಾಡ್ ಮಾತ್ರ ಸದ್ಯಕ್ಕೆ ಬೇಡ. ಅದಕ್ಕೆ ಅನುಮತಿ ಬೇಕು. ಅನುಮತಿಗೆ ಅರ್ಜಿ, ಅರ್ಜಿ ಜೊತೆ ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ ಕೇಳಿದರೂ ಕೇಳಿಯಾರು. ಅದನ್ನು ಮೊಬೈಲಲ್ಲೇ ತೆಕ್ಕೊಳ್ಳಿ.