ಗಡುವು ಮೀರಿದ ವೃದ್ಧಾಪ್ಯ ವೇತನದ ಅರ್ಜಿ ತಾನಾಗಿಯೇ ಮಂಜೂರಾಗಬೇಕೇ? ಪರ–ವಿರೋಧ

ವೃದ್ಧಾಪ್ಯ ವೇತನಕ್ಕೂ, 65 ವರ್ಷ ತುಂಬಿದ ಬಡವರಿಗೆ ಮಾಸಾಶನ ಕೊಡುವ ಸಂಧ್ಯಾ ಸುರಕ್ಷಾ ಯೋಜನೆಗೂ ಅರ್ಜಿ ಹಾಕುವವರು ನಾಡಕಚೇರಿಗೆ ಹೋಗುತ್ತಾರೆ. ಗ್ರಾಮ ಆಡಳಿತ ಅಧಿಕಾರಿ (ಜನರ ಬಾಯಲ್ಲಿ ವಿ.ಎ.) ಸ್ಥಳಕ್ಕೆ ಬಂದು ವಿಚಾರಿಸಿ ವರದಿ ಕೊಟ್ಟು, ಅದು ಕಂದಾಯ ನಿರೀಕ್ಷಕರ ಕೈದಾಟಿದ ಮೇಲೆ ಮಂಜೂರಾತಿ ಆದೇಶ ಹೊರಡುತ್ತದೆ. ಈ ಸೇವೆ ಸಕಾಲ ಕಾಯ್ದೆಯ ವ್ಯಾಪ್ತಿಯಲ್ಲಿರುವುದರಿಂದ ಇದಕ್ಕೊಂದು ಗಡುವೂ ಇದೆ. ಗಡುವು ಮುಗಿದರೂ ಹೌದು ಅಥವಾ ಇಲ್ಲ ಎಂಬ ಉತ್ತರ ಬಾರದಿದ್ದರೆ ಆ ಅರ್ಜಿಯನ್ನು ಮಂಜೂರಾದಂತೆ ಭಾವಿಸಿ ಹಣ ಕೊಡಲು ಆರಂಭಿಸಬೇಕೇ ಎಂಬುದು ಇಲ್ಲಿನ ಪ್ರಶ್ನೆ. ಬರೆದವರಿಬ್ಬರೂ ದಾವಣಗೆರೆ ಜಿಲ್ಲೆಯವರು. ಒಬ್ಬರು ಅರ್ಜಿ ಹಿಡಿದು ಅಲೆದ ಮನೆಯವರು, ಇನ್ನೊಬ್ಬರು ಅಂಥ ಅರ್ಜಿಗಳಿಗೆ ವರದಿ ಬರೆದು ನಿವೃತ್ತರಾದವರು.

ಪರ: ಕಾಯುವ ಖರ್ಚು ಅರ್ಜಿದಾರರ ತಲೆಯ ಮೇಲೇಕೆ?

ನಮ್ಮ ಅತ್ತೆಯವರು ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಜರಡಿ ಹಿಡಿದವರು. ಭಟ್ಟಿಯ ಕೆಲಸಕ್ಕೆ ಹಾಜರಿ ಪುಸ್ತಕವಿಲ್ಲ, ಭವಿಷ್ಯ ನಿಧಿಯಿಲ್ಲ. ವಾರದ ಬಟವಾಡೆ ಕೈಗೆ ಬಂದರೆ ಅಲ್ಲಿಗೆ ಲೆಕ್ಕ ಚುಕ್ತಾ. ಇದೇ ಊರಿನ ಹತ್ತಿ ಗಿರಣಿಗಳಲ್ಲಿ ದುಡಿದವರಿಗೆ, ಗಿರಣಿಗಳು ಬಾಗಿಲು ಹಾಕಿದ ಮೇಲೂ, ಭವಿಷ್ಯ ನಿಧಿಯ ಪಿಂಚಣಿಯೆಂದು ಒಂದಿಷ್ಟು ರೊಕ್ಕ ಬರುವುದುಂಟು. ಅತ್ತೆಗೆ ಅಂಥದ್ದೇನೂ ಇರಲಿಲ್ಲ. ದಮ್ಮು ಹತ್ತಿ ಕೆಲಸ ಬಿಟ್ಟ ಮೇಲೆ ಅವರ ಹೆಸರಿಗೆಂದು ಬರಬಹುದಾಗಿದ್ದ ಹಣ ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ ₹1,200 ಮಾತ್ರ.

ಅರ್ಜಿ ಕೊಟ್ಟ ದಿನ ಒಂದು ಸ್ವೀಕೃತಿ ಚೀಟಿ ಕೊಟ್ಟರು. ಅದರ ಮೇಲೆ 15 ಅಂಕಿಯ ಸಕಾಲ ಸಂಖ್ಯೆಯೂ ಕೆಲಸ ಯಾವ ದಿನಾಂಕದೊಳಗೆ ಆಗಬೇಕೆಂಬುದೂ ಅಚ್ಚಾಗಿದ್ದವು. ಓದು ಬಾರದ ಅತ್ತೆ ಅದನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಚೀಲದಲ್ಲಿ ಇಟ್ಟುಕೊಂಡರು. ಮೂರು ತಿಂಗಳ ಮೇಲೆ ವಿಚಾರಿಸಲು ಹೋದಾಗ ಸುಣ್ಣದ ಡಬ್ಬಿ ತಗುಲಿ ಕೊನೆಯ ಎರಡು ಅಂಕಿ ಅಳಿಸಿದ್ದವು. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, 'ನಂಬರ್ ಇಲ್ಲದೆ ಏನೂ ಗೊತ್ತಾಗಲ್ಲ ಅಜ್ಜಿ' ಎಂದ. ಗಡುವಿನ ದಿನಾಂಕ ಮಾತ್ರ ಅಳಿಸಿರಲಿಲ್ಲ. ಅದು ಮುಗಿದು ಒಂದೂವರೆ ತಿಂಗಳಾಗಿತ್ತು.

ಮುಂದಿನ ತಿಂಗಳುಗಳಲ್ಲಿ ಸಿಕ್ಕ ಉತ್ತರಗಳು ಬೇರೆಬೇರೆ. ಒಮ್ಮೆ ವಿ.ಎ. ಚುನಾವಣೆಯ ಕೆಲಸದ ಮೇಲೆ ಹೋಗಿದ್ದಾರೆ ಎಂದರು. ಇನ್ನೊಮ್ಮೆ ಆಧಾರ್‌ನಲ್ಲಿ 66 ವರ್ಷ ಇದೆ, ಮತದಾರರ ಚೀಟಿಯಲ್ಲಿ 63 ಇದೆ, ಯಾವುದು ಸರಿ ಎಂದು ಕೇಳಿದರು. (ನಮ್ಮ ಓಣಿಯ ಹಿರಿಯರಲ್ಲಿ ಅರ್ಧದಷ್ಟು ಮಂದಿ ಆಧಾರ್ ಪ್ರಕಾರ ಜನವರಿ 1ರಂದೇ ಹುಟ್ಟಿದವರು. ನೋಂದಣಿಗೆ ಬಂದವರು ಅಂದಾಜಿಗೆ ಬರೆದುಕೊಂಡ ವಯಸ್ಸಿಗೆ ಈಗ ದಾಖಲೆಯ ತೂಕ ಬಂದಿದೆ.) ಕೊನೆಗೆ ಸಿಕ್ಕ ಉತ್ತರ: 'ನಮ್ಮ ಕಡೆಯಿಂದ ಹೋಗಿದೆ, ಮೇಲೆ ಪೆಂಡಿಂಗ್ ಇದೆ.' ಆ 'ಮೇಲೆ' ಎಂಬುದು ಯಾವ ಊರಿನಲ್ಲಿದೆಯೋ ನನಗೆ ಇಂದಿಗೂ ತಿಳಿದಿಲ್ಲ. ಎಂಟನೆಯ ತಿಂಗಳಲ್ಲಿ ಆದೇಶ ಬಂತು. ಹಣವೂ ಆದೇಶವಾದ ತಿಂಗಳಿನಿಂದಲೇ ಬಂತು. ಅದಕ್ಕೂ ಹಿಂದಿನ ಏಳು ತಿಂಗಳ ₹8,400 ಯಾರ ಲೆಕ್ಕಕ್ಕೂ ಸೇರದೆ ಹೋಯಿತು.

ತಡವಾದರೆ ಪರಿಹಾರವಿದೆಯಲ್ಲ ಎನ್ನುವವರಿದ್ದಾರೆ. ಸಕಾಲ ಕಾಯ್ದೆಯ ಪ್ರಕಾರ ತಡವಾದ ದಿನಕ್ಕೆ ₹20ರಂತೆ, ಒಟ್ಟು ₹500 ಮೀರದಂತೆ, ಪರಿಹಾರ ಕೇಳಬಹುದು. ₹1,200 ಎಂದರೆ ದಿನಕ್ಕೆ ₹40. ಅಂದರೆ ಕಾಯ್ದೆಯ ಪರಿಹಾರ ನಷ್ಟದ ಅರ್ಧಕ್ಕೆ ನಿಲ್ಲುತ್ತದೆ, ಅದೂ 25 ದಿನಗಳಿಗೆ ಮಾತ್ರ. ಇಪ್ಪತ್ತಾರನೆಯ ದಿನದಿಂದ ತಡ ಮಾಡುವವರಿಗೆ ಏನೂ ಖರ್ಚಿಲ್ಲ. ಆ ₹500ನ್ನೂ ಅರ್ಜಿದಾರರೇ ಕೇಳಿ ಪಡೆಯಬೇಕು. ಒಂದು ಸಲ ಕಚೇರಿಗೆ ಹೋಗಿ ಬರಲು ನನ್ನ ಒಂದು ದಿನದ ಕೂಲಿ ಮತ್ತು ಆಟೊ ಬಾಡಿಗೆ ಕಳೆಯುವಾಗ ಅದನ್ನು ಕೇಳಲು ಇನ್ನೊಂದು ಸಲ ಹೋಗುವವರು ಯಾರು?

'ಮಂಜೂರಾದಂತೆ ಭಾವಿಸತಕ್ಕದ್ದು' ಎಂಬ ಮಾತು ನಮ್ಮ ಕಾನೂನಿಗೆ ಹೊಸದಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೆಯ ಕಲಮಿನಲ್ಲಿ, ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಪರಿವರ್ತಿಸಲು ಕೊಟ್ಟ ಅರ್ಜಿಗೆ ಜಿಲ್ಲಾಧಿಕಾರಿಗಳು ನಾಲ್ಕು ತಿಂಗಳೊಳಗೆ ತೀರ್ಮಾನ ತಿಳಿಸದಿದ್ದರೆ ಅನುಮತಿ ಕೊಟ್ಟಂತೆಯೇ ಭಾವಿಸಬೇಕೆಂಬ ಮಾತು ಬಹುಕಾಲದಿಂದ ಇದ್ದಿತು. ಅದೇ ಕಂದಾಯ ಇಲಾಖೆ, ಅದೇ ಬಗೆಯ ಕಡತ. ಹೊಲವನ್ನು ಸೈಟು ಮಾಡುವವರ ಕಾಲಕ್ಕೆ ಇರುವ ಬೆಲೆ ಭಟ್ಟಿಯ ಹೊಗೆ ಕುಡಿದು ಮುದುಕಿಯಾದವರ ಕಾಲಕ್ಕೆ ಏಕಿಲ್ಲ ಎಂಬುದಕ್ಕೆ ನನಗೆ ಇದುವರೆಗೆ ಉತ್ತರ ಸಿಕ್ಕಿಲ್ಲ.

ಇನ್ನೊಂದು ಕಾನೂನನ್ನೂ ನೋಡಬೇಕು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯು, ಮಕ್ಕಳ ಮೇಲೆ ದೂರು ಬಂದಾಗ, ವಿಚಾರಣೆ ಮುಗಿಯುವ ಮುಂಚೆಯೇ ಮಧ್ಯಂತರ ಜೀವನಾಂಶ ಕೊಡುವಂತೆ ಆದೇಶಿಸುವ ಅಧಿಕಾರವನ್ನು ನ್ಯಾಯಮಂಡಳಿಗೆ ಕೊಟ್ಟಿದೆ. ಮುದುಕರ ಹೊಟ್ಟೆ ವಿಚಾರಣೆ ಮುಗಿಯುವವರೆಗೆ ಕಾಯುವುದಿಲ್ಲ ಎಂಬುದು ಶಾಸನ ಮಾಡಿದವರಿಗೆ ತಿಳಿದಿತ್ತು. ಮಗನಿಗೆ 'ಮೊದಲು ಕೊಡು, ಆಮೇಲೆ ವಾದಿಸು' ಎಂದು ಹೇಳುವ ಸರ್ಕಾರ ತನ್ನ ಸರದಿ ಬಂದಾಗ 'ಮೊದಲು ವರದಿ ಬರಲಿ' ಎನ್ನುತ್ತದೆ.

ನಕಲಿ ಫಲಾನುಭವಿಗಳ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಭಯಕ್ಕೂ ಈ ವಿಳಂಬಕ್ಕೂ ಸಂಬಂಧ ಕಡಿಮೆ. ಕೇಂದ್ರದ ಸಾಮಾಜಿಕ ನೆರವು ಕಾರ್ಯಕ್ರಮವನ್ನು ಕುರಿತು ಮಹಾಲೇಖಪಾಲರು 2023ರಲ್ಲಿ ಸಲ್ಲಿಸಿದ ವರದಿಯಲ್ಲಿ, ತೀರಿಹೋದ 2,103 ಮಂದಿಯ ಹೆಸರಿಗೆ ಸುಮಾರು ₹2 ಕೋಟಿ ಪಾವತಿಯಾಗಿತ್ತೆಂದಿದೆ. ಅದು ಸಾವಿನ ಮಾಹಿತಿ ಬಾರದೆ ಆದ ತಪ್ಪು; ಹೊಸ ಅರ್ಜಿಯನ್ನು ಎಂಟು ತಿಂಗಳು ಇಟ್ಟುಕೊಂಡರೆ ಅದು ಸರಿಹೋಗುವುದಿಲ್ಲ. ಅದೇ ವರದಿಯು, ಈ ಕಾರ್ಯಕ್ರಮದ ಹಣದಲ್ಲಿ ₹2.83 ಕೋಟಿಯನ್ನು ಸಚಿವಾಲಯ ಬೇರೆ ಯೋಜನೆಗಳ ಪ್ರಚಾರ ಫಲಕಗಳಿಗೆ ಬಳಸಿತೆಂದೂ ಹೇಳಿದೆ. ಸೋರಿಕೆಯ ಮಾತು ಬಂದಾಗ ಬೆರಳು ಯಾವಾಗಲೂ ಎಲೆ ಅಡಿಕೆ ಚೀಲದ ಕಡೆಗೇ ತಿರುಗಬೇಕಿಲ್ಲ.

ನಾನು ಪರಿಶೀಲನೆ ಬೇಡ ಎನ್ನುತ್ತಿಲ್ಲ. ಗಡುವಿನ ಮರುದಿನದಿಂದ ಹಣ ಬರಲಿ, ಆದೇಶದ ಮೇಲೆ 'ತಾತ್ಕಾಲಿಕ' ಎಂದು ಬರೆಯಲಿ, ವಿಚಾರಣೆ ತನ್ನ ಪಾಡಿಗೆ ನಡೆಯಲಿ. ಅರ್ಹರಲ್ಲವೆಂದು ತಿಳಿದ ದಿನ ನಿಲ್ಲಿಸಲಿ. ಆರು ತಿಂಗಳು ತಪ್ಪಿ ಕೊಟ್ಟರೂ ಹೋಗುವುದು ₹7,200.

ವಿರೋಧ: ಗಡುವಿನ ಹಿಂದಿನ ದಿನ ಏನಾಗುತ್ತದೆ?

ಕಂದಾಯ ಇಲಾಖೆಯಲ್ಲಿ 31 ವರ್ಷ ಇದ್ದು ಬಂದವನು ನಾನು. ಜಗಳೂರಿನ ಕಡೆಯ ಹಳ್ಳಿಗಳಲ್ಲಿಯೂ ಆಮೇಲೆ ಚಿತ್ರದುರ್ಗ ಜಿಲ್ಲೆಯಲ್ಲಿಯೂ ಕೆಲಸ ಮಾಡಿದ್ದೇನೆ. ಅರ್ಜಿಗಳು ತಡವಾಗುತ್ತವೆ ಎಂಬುದನ್ನು ನಿರಾಕರಿಸುವ ಮುಖ ನನಗಿಲ್ಲ. ನನ್ನ ಮೇಜಿನ ಮೇಲೆಯೇ ತಡವಾದವುಗಳಿವೆ. ಆದರೂ ಮೇಲಿನ ಸಲಹೆಯನ್ನು ನಾನು ಒಪ್ಪಲಾರೆ. ಸರ್ಕಾರದ ಹಣ ಉಳಿಯಲಿ ಎಂಬುದು ಇದಕ್ಕೆ ಕಾರಣವಲ್ಲ. ಆ ಸಲಹೆಯಿಂದ ಮೊದಲು ಪೆಟ್ಟು ತಿನ್ನುವವರು ಅದೇ ಮುದುಕರು ಎಂಬುದೇ ಕಾರಣ.

ಸಕಾಲದ ಲೆಕ್ಕದಲ್ಲಿ ಅರ್ಜಿ ಇತ್ಯರ್ಥವಾಗುವುದು ಎರಡು ಬಗೆಯಲ್ಲಿ: ಮಂಜೂರು ಮಾಡಿದರೂ ವಿಲೇವಾರಿ, ಕಾರಣ ಬರೆದು ತಿರಸ್ಕರಿಸಿದರೂ ವಿಲೇವಾರಿ. ಒಬ್ಬ ವಿ.ಎ. ಕೈಯಲ್ಲಿ ಹಲವು ಹಳ್ಳಿಗಳಿರುತ್ತವೆ. ಬೆಳೆ ಸಮೀಕ್ಷೆ, ಬರ ಪರಿಹಾರದ ದಾಖಲಾತಿ, ಜಾತಿ ಆದಾಯ ಪ್ರಮಾಣಪತ್ರ, ಮತದಾರರ ಪಟ್ಟಿ, ಪಹಣಿಗೆ ಆಧಾರ್ ಜೋಡಣೆ, ಇವೆಲ್ಲದರ ನಡುವೆ ಮಾಸಾಶನದ ಸ್ಥಳ ಪರಿಶೀಲನೆ. ಒಂದೊಂದು ಕೆಲಸಕ್ಕೆ ಒಂದೊಂದು ಮೊಬೈಲ್ ಆ್ಯಪ್. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತಾಗ ಈ ಆ್ಯಪ್‌ಗಳ ಹೊರೆಯೂ ಅವರ ದೂರುಗಳಲ್ಲಿ ಒಂದಾಗಿತ್ತು. ಇಂಥವನಿಗೆ 'ಗಡುವು ಮೀರಿದರೆ ತಾನಾಗಿ ಮಂಜೂರು, ಮುಂದೆ ನಕಲಿ ಎಂದು ಕಂಡರೆ ಹೊಣೆ ನಿನ್ನದು' ಎಂದು ಹೇಳಿ ನೋಡಿ. ಅವನು ಗಡುವಿನ ಹಿಂದಿನ ಸಂಜೆ ಕೂತು, ಮನೆಗೆ ಹೋಗಿ ನೋಡಲಾಗದ ಅಷ್ಟೂ ಅರ್ಜಿಗಳಿಗೆ 'ವಯಸ್ಸಿನ ದಾಖಲೆ ತಾಳೆಯಾಗುವುದಿಲ್ಲ' ಎಂಬ ಒಂದೇ ಸಾಲು ಹಾಕುತ್ತಾನೆ. ಆ ಅತ್ತೆಯವರ ಅರ್ಜಿಯಲ್ಲಿ 66 ಮತ್ತು 63ರ ವ್ಯತ್ಯಾಸವಿತ್ತಲ್ಲ, ಅಂಥ ನಿಯಮವಿದ್ದಿದ್ದರೆ ಅದು ಎಂಟನೆಯ ತಿಂಗಳಲ್ಲಿ ಮಂಜೂರಾಗುತ್ತಿರಲಿಲ್ಲ, ಎರಡನೆಯ ತಿಂಗಳಲ್ಲೇ ತಿರಸ್ಕೃತವಾಗುತ್ತಿತ್ತು. ಬಾಕಿ ಇರುವ ಅರ್ಜಿಯನ್ನು ವಿಚಾರಿಸಲು ಹೋಗಬಹುದು. ತಿರಸ್ಕೃತವಾದದ್ದಕ್ಕೆ ಮೇಲ್ಮನವಿ ಹಾಕಬೇಕು. ಓದು ಬಾರದವರು ಮೇಲ್ಮನವಿಗೆ ಹೋಗುವುದು ದಲ್ಲಾಳಿಯ ಮೂಲಕ.

ಮಂಜೂರಾತಿ ಸುಲಭವಾದ ಕಾಲವನ್ನೂ ನಾನು ನೋಡಿದ್ದೇನೆ. 2007ರಲ್ಲಿ ಸಂಧ್ಯಾ ಸುರಕ್ಷಾ ಬಂದ ಹೊಸತರಲ್ಲಿ ನನ್ನ ವೃತ್ತದಲ್ಲಿ ಒಂದೇ ಕೈಬರಹದ ವಯಸ್ಸಿನ ದೃಢೀಕರಣಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ತಲೆಗೂದಲು ಕಪ್ಪಗಿದ್ದವರೂ ಕಾಗದದಲ್ಲಿ 65 ದಾಟಿದ್ದರು. ಕೆಲವು ವರ್ಷ ಕಳೆದು ಮರುಪರಿಶೀಲನೆಯ ಆದೇಶ ಬಂದಾಗ ಅನರ್ಹರೊಂದಿಗೆ ಅರ್ಹರ ಹಣವೂ ನಿಂತಿತು. ಕಪ್ಪು ಕೂದಲಿನವರು ಹೇಗೋ ಏನೋ ಮಾಡಿ ಹೊಸ ದಾಖಲೆ ತಂದರು. ನಡೆಯಲಾರದ ಒಬ್ಬ ಅಜ್ಜನನ್ನು ಮೊಮ್ಮಗ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಂದು, 'ಇವರು ಬದುಕಿದ್ದಾರೆ ಸ್ವಾಮಿ, ನೋಡಿ ಬರ್ಕೊಳ್ಳಿ' ಎಂದದ್ದನ್ನು ನಾನು ಮರೆತಿಲ್ಲ. 'ತಾತ್ಕಾಲಿಕ' ಎಂಬ ಮುದ್ರೆಯ ಅರ್ಥ ಅನುಭವದಲ್ಲಿ ಇದು: ಯಾವಾಗ ಬೇಕಾದರೂ ನಿಲ್ಲಿಸಬಹುದಾದ ಹಣ. ಬಂದ ಹಣವನ್ನು ನಂಬಿ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಿದವರಿಗೆ ಅದು ಆರನೆಯ ತಿಂಗಳು ನಿಲ್ಲುವುದು, ಬಾರದೆ ಇರುವುದಕ್ಕಿಂತ ಕಡಿಮೆ ಕಷ್ಟವೇನಲ್ಲ.

95ನೆಯ ಕಲಮಿನ ಹೋಲಿಕೆ ಚುರುಕಾಗಿದೆ, ಓದಿದಾಗ ನನಗೂ ತಟ್ಟಿತು. ಆದರೆ ಭೂಪರಿವರ್ತನೆ ಒಂದು ಸಲ ಮುಗಿಯುವ ವ್ಯವಹಾರ. ತಪ್ಪಾದರೂ ಜಮೀನು ಅಲ್ಲಿಯೇ ಇರುತ್ತದೆ, ಯಾರ ಹೆಸರಿನಲ್ಲಿದೆ ಎಂಬುದು ಪಹಣಿಯಲ್ಲಿರುತ್ತದೆ. ಮಾಸಾಶನ ತಿಂಗಳು ತಿಂಗಳು ಹೋಗುವ ಹಣ.

ಅದೂ ಅಲ್ಲದೆ, ಆದೇಶವಾದ ಮಾತ್ರಕ್ಕೆ ಹಣ ಬರುತ್ತದೆಂದು ತಿಳಿಯುವುದು ತಪ್ಪು. ನನ್ನ ಕೊನೆಯ ವರ್ಷಗಳಲ್ಲಿ ಕಂಡ ತಡಗಳಲ್ಲಿ ದೊಡ್ಡ ಪಾಲು ಮಂಜೂರಾತಿಯ ಆಚೆಗಿನದು. ಹಣ ಆಧಾರ್‌ಗೆ ಜೋಡಣೆಯಾದ ಖಾತೆಗೆ ಹೋಗುತ್ತದೆ. ಆಧಾರ್‌ನಲ್ಲಿ ಗಂಡನ ಹೆಸರು ಸೇರಿದ್ದು ಪಾಸ್‌ಬುಕ್ಕಿನಲ್ಲಿ ಇಲ್ಲದಿದ್ದರೆ ಅಡ್ಡಿ. ಹೊಸ ಸಿಮ್ ಕೊಳ್ಳುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದ ಖಾತೆಗೆ ಜೋಡಣೆ ಬದಲಾಗಿದ್ದರೆ ಹಣ ಅಲ್ಲಿಗೆ ಹೋಗಿ ಕೂತಿರುತ್ತದೆ. ಜರಡಿ ಹಿಡಿದು, ಕಳೆ ಕಿತ್ತು ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. 'ಮೇಲೆ ಪೆಂಡಿಂಗ್ ಇದೆ' ಎಂಬ ಮಾತಿನಲ್ಲಿ ಸೋಮಾರಿತನ ಎಷ್ಟಿದೆಯೋ, ಹೇಳುವವನಿಗೇ ಹಣ ಎಲ್ಲಿ ನಿಂತಿದೆಯೆಂದು ಕಾಣಿಸದಿರುವುದೂ ಅಷ್ಟೇ ಇದೆ. ಕಲಮು ತಿದ್ದಿ ಮಂಜೂರಾತಿಯನ್ನು ಬೇಗ ಮಾಡಿದರೆ ಈ ಗಂಟು ಬಿಚ್ಚುವುದಿಲ್ಲ. 2022ರಲ್ಲಿ ಸಹಾಯವಾಣಿಗೆ ಕರೆ ಮಾಡಿದ 72 ಗಂಟೆಗಳಲ್ಲಿ ಮಾಸಾಶನ ಎಂದು ಘೋಷಣೆಯಾದಾಗಲೂ ನಮ್ಮ ಕೈಗೆ ಬಂದದ್ದು ಗಡಿಯಾರ, ಹೆಚ್ಚಿನ ಸಿಬ್ಬಂದಿಯಲ್ಲ.

ಬದಲಾಯಿಸಲೇಬೇಕಾದದ್ದು ಒಂದಿದೆ, ಅದು ಹಣ ಯಾವ ದಿನದಿಂದ ಲೆಕ್ಕಕ್ಕೆ ಬರುತ್ತದೆ ಎಂಬುದು. ಅರ್ಹರೆಂದು ತೀರ್ಮಾನವಾದ ಮೇಲೆ ಆದೇಶದ ದಿನದಿಂದಲ್ಲ, ಅರ್ಜಿ ಕೊಟ್ಟ ದಿನದಿಂದಲೇ ಬಾಕಿ ಕೊಡಬೇಕು. ಹಾಗೆ ಮಾಡಿದರೆ ತಡದ ನಷ್ಟ ಅರ್ಜಿದಾರರಿಂದ ಖಜಾನೆಗೆ ವರ್ಗವಾಗುತ್ತದೆ. ಅಷ್ಟರಮಟ್ಟಿಗೆ ಪರವಾಗಿ ಬರೆದವರ ಸಂಕಟಕ್ಕೆ ಉತ್ತರವೂ ಸಿಗುತ್ತದೆ, ಹೆದರಿ ತಿರಸ್ಕರಿಸುವ ಒತ್ತಡವೂ ವಿ.ಎ. ಮೇಲೆ ಬೀಳುವುದಿಲ್ಲ. ತಿರಸ್ಕರಿಸುವ ಮುನ್ನ ಅರ್ಜಿದಾರರ ಮನೆಗೆ ಹೋಗಿ ಮುಖ ನೋಡಿ ಕಾರಣ ಹೇಳಿದ ಬಗ್ಗೆ ಸಹಿ ಇರಲೇಬೇಕೆಂದೂ ಮಾಡಬೇಕು. ಪಡಿತರ ಚೀಟಿಯ ದಾಖಲೆಯಲ್ಲಿ ಮನೆಯವರೆಲ್ಲರ ವಯಸ್ಸು ಸರ್ಕಾರದ ಬಳಿ ಹೇಗೂ ಇದೆ; ಅದನ್ನು ಹಿಡಿದುಕೊಂಡು ಅರ್ಹರ ಮನೆಗೆ ನಾವೇ ಹೋಗುವ ಕ್ರಮವನ್ನು 'ಮನೆ ಬಾಗಿಲಿಗೆ ಮಾಸಾಶನ' ಎಂಬ ಹೆಸರಿನಲ್ಲಿ ಆರಂಭಿಸಲಾಗಿತ್ತು. ನಾನು ಹೋದ ಮನೆಗಳಲ್ಲಿ ಅರ್ಜಿ, ಸ್ವೀಕೃತಿ ಚೀಟಿ, ಸುಣ್ಣದ ಕಲೆ ಯಾವುದರ ಗೊಡವೆಯೂ ಇರಲಿಲ್ಲ. ಜಗಲಿಯ ಮೇಲೆ ಕೂತು ಪಾಸ್‌ಬುಕ್ಕಿನ ಫೋಟೋ ಹೊಡೆದುಕೊಂಡು, ಅವರು ಕೊಟ್ಟ ಚಹಾ ಕುಡಿದು ಎದ್ದು ಬರುತ್ತಿದ್ದೆ. ದಿನಕ್ಕೆ ಐದಾರು ಮನೆ ಮುಗಿಯುತ್ತಿದ್ದವು, ಬೆಳೆ ಸಮೀಕ್ಷೆ ಇಲ್ಲದ ದಿನಗಳಲ್ಲಿ.