ಸುಮ್ನೆ ಕೂರಬೇಕಾದ ಅಡುಗೆ

ಓವನ್‌ನಲ್ಲಿ ಹಂದಿ ರಿಬ್ಸ್, ಅಂದರೆ ಪಕ್ಕೆಲುಬಿನ ಮಾಂಸ, ಮಾಡೋದರಲ್ಲಿ ಕಷ್ಟದ ಕೆಲಸ ಅಂತ ಒಂದೂ ಇಲ್ಲ. ಮಸಾಲೆ ಸವರು, ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತು, ಸಣ್ಣ ಕಾವಿನಲ್ಲಿ ಎರಡೂವರೆ ಮೂರು ಗಂಟೆ ಇಡು, ಸುಮ್ನೆ ಕೂತ್ಕೋ. ಕಷ್ಟ ಇರೋದು ಆ ಕೊನೆಯ ಮಾತಿನಲ್ಲಿ. ನೆಂಟರು ತುಂಬಿದ ಮನೆಯಲ್ಲಿ ಮೂರು ಗಂಟೆ ಯಾರೂ ಒಲೆ ಕಡೆ ತಲೆ ಹಾಕದೆ ಇರೋದುಂಟಾ?

ನಾವಿರುವುದು ಗೋವಾದಲ್ಲಿ, ಮಡಗಾಂವ್ ಪಕ್ಕದ ನಾವೆಲಿ. ಊರು ಮೂಡಿಗೆರೆ ಕಡೆ, ಹಾಗಾಗಿ ಹಂದಿ ಮಾಂಸ ನಮಗೇನೂ ಹೊಸದಲ್ಲ. ಮಳೆ ಹಿಡಿದರೆ ಕಡುಬು, ಹಂದಿ ಸಾರು. ಗೋವಾಕ್ಕೆ ಬಂದ ಮೇಲೆ ಅದಕ್ಕೆ ಸೊರ್ಪೊಟೆಲ್, ವಿಂದಾಲು ಸೇರಿಕೊಂಡವು ಅಷ್ಟೆ. ಈ ಸಲ ಬೆಳಗಾವಿಯಿಂದ ಬಾಮೈದ ಬರುವ ಮೊದಲೇ ಫೋನ್ ಮಾಡಿ ಆರ್ಡರ್ ಕೊಟ್ಟ: "ಭಾವ, ಸಾರು ಬೇಡ. ಅಮೆರಿಕದೋರು ಪಕ್ಕೆ ಇಡೀದು ಹಾಗೇ ಬೇಯಿಸಿ ಸಾಸ್ ಹಚ್ತಾರಲ್ಲ, ಅದು ಮಾಡಿ." ಅವನು ಅದನ್ನು ಎಲ್ಲೂ ತಿಂದವನಲ್ಲ. ಮೊಬೈಲಿನಲ್ಲಿ ನೋಡಿದ್ದಾನೆ.

ಮಾಂಸದ ಅಂಗಡಿಯವನ ಹತ್ತಿರ ಪಕ್ಕೆಯನ್ನು ಇಡಿಯಾಗಿ ಉಳಿಸಿಕೊಳ್ಳುವುದೇ ಮೊದಲ ಯುದ್ಧ. "ಪಕ್ಕೆ" ಅನ್ನುವಷ್ಟರಲ್ಲಿ ಕತ್ತಿ ಎತ್ತಿದ್ದ, "ಇಡೀದು" ಅನ್ನುವಷ್ಟರಲ್ಲಿ ಅರ್ಧ ಪಕ್ಕೆ ಸಾರಿನ ತುಂಡುಗಳಾಗಿತ್ತು. ಎರಡನೆಯದನ್ನು ಉಳಿಸಲು ಕತ್ತಿಗೆ ಅಡ್ಡ ಕೈ ಇಡೋದೊಂದು ಬಾಕಿ. ಬೆನ್ನುಮೂಳೆ ಪಕ್ಕದ ರಿಬ್ಸ್ ಗಿಡ್ಡ, ಕೊಬ್ಬು ಕಡಿಮೆ. ಹೊಟ್ಟೆ ಕಡೆಯದು ಉದ್ದ, ಕೊಬ್ಬು ಜಾಸ್ತಿ, ಬೇಯಲು ಹೊತ್ತು ಬೇಕು. ನನಗೆ ಸಿಕ್ಕಿದ್ದು ಹೊಟ್ಟೆ ಕಡೆಯದು. ನನ್ನ ಪ್ರಕಾರ ರುಚಿ ಇರೋದೂ ಅದರಲ್ಲೇ.

ಮನೆಗೆ ತಂದ ಮೇಲೆ ಮೂಳೆ ಬದಿಯಲ್ಲಿರುವ ತೆಳು ಬಿಳಿ ಪೊರೆ ಕೀಳಬೇಕು. ಅದು ಎಷ್ಟು ಬೆಂದರೂ ಕರಗಲ್ಲ, ಮಸಾಲೆಯನ್ನೂ ಒಳಗೆ ಬಿಡಲ್ಲ. ತುದಿಯ ಮೂಳೆಯ ಮೇಲೆ ಚಮಚದ ಹಿಡಿ ತೂರಿಸಿ ಸ್ವಲ್ಪ ಎಬ್ಬಿಸಿ, ಕೈ ಜಾರುತ್ತೆ ಅಂತ ಟಿಶ್ಯೂ ಪೇಪರಲ್ಲಿ ಹಿಡಿದು, ಮೆಲ್ಲಗೆ ಎಳೆದರೆ ಚರ್ ಅಂತ ಒಂದೇ ಹಾಳೆಯಾಗಿ ಕಿತ್ತು ಬರುತ್ತೆ. ಹಬ್ಬದ ದಿನವೂ ಅಷ್ಟು ಖುಷಿ ಆಗಲ್ಲ ನನಗೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ನಾವು ಚರ್ಮನೇ ತೆಗಿಯಲ್ಲ, ನೀನು ಪೊರೆ ಕೀಳ್ತಾ ಕೂತಿದೀಯಲ್ಲೋ."

ಮಸಾಲೆಗೆ ಉಪ್ಪು, ಕರಿಮೆಣಸು, ಜೀರಿಗೆ, ಒಣ ಬೆಳ್ಳುಳ್ಳಿ ಪುಡಿ, ಬ್ಯಾಡಗಿ ಮೆಣಸಿನ ಪುಡಿ. ಅಮೆರಿಕದ ಕಾನ್ಸಾಸ್ ಸಿಟಿ ಕಡೆಯ ಸಾಸ್ ಅಂದರೆ ಟೊಮ್ಯಾಟೊ ಮತ್ತು ಮೊಲಾಸಸ್, ಅಂದರೆ ಸಕ್ಕರೆ ತಯಾರಿಸುವಾಗ ಉಳಿಯುವ ಕರಿ ಪಾಕ. ಅದನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಗೋವಾದಲ್ಲಿ ಇಲ್ಲ. ಇಲ್ಲಿ ತೆಂಗಿನ ಕಳ್ಳಿನಿಂದ ಮಾಡುವ ಕರಿಬೆಲ್ಲ ಸಿಗುತ್ತೆ, ಚೂಪು ತಲೆಯ ಅಚ್ಚುಗಳು. ಒಂದು ತುಂಡು ಟೊಮ್ಯಾಟೊ ಜೊತೆ ಕುದಿಸಿದರೆ ಬಣ್ಣವೂ ಬಂತು, ಹೊಗೆಯಂಥ ಒಂದು ವಾಸನೆಯೂ ಬಂತು. ಹುಳಿಗೆ ಕಳ್ಳಿನ ವಿನೆಗರ್. ನಾರ್ತ್ ಕ್ಯಾರೊಲಿನಾದ ಪೂರ್ವ ಭಾಗದಲ್ಲಂತೂ ಟೊಮ್ಯಾಟೊನೇ ಹಾಕದೆ ವಿನೆಗರ್, ಮೆಣಸಿನಲ್ಲೇ ಸಾಸ್ ಮುಗಿಸ್ತಾರೆ. ಅವರನ್ನು ಮಡಗಾಂವ್‌ಗೆ ತಂದು ಬಿಟ್ಟರೆ ಆರಾಮಾಗಿ ಬದುಕ್ತಾರೆ.

"ಹಂದಿಗೆ ಬೆಲ್ಲವಾ?" ಅಂತ ಅವ್ವ ಇನ್ನೊಂದು ಸಲ ಬಂದಳು. "ಜೊತೆಗೆ ಏಲಕ್ಕಿನೂ ಹಾಕ್ಬಿಡು."

ನಮ್ಮ ಓಟಿಜಿ, ಅಂದರೆ ಪುಟ್ಟ ಕರೆಂಟ್ ಓವನ್, ಅದರ ಒಳಗೆ ಇಡೀ ಪಕ್ಕೆ ಹಿಡಿಸಲಿಲ್ಲ. ಅಂಗಡಿಯವನ ಜೊತೆ ಜಗಳ ಆಡಿ ಉಳಿಸಿ ತಂದದ್ದನ್ನು ನಾನೇ ಎರಡು ಮಾಡಿದೆ. ಮೂಳೆ ಬದಿ ಕೆಳಗೆ, ಮೇಲೆ ಎರಡು ಸುತ್ತು ಫಾಯಿಲ್, ಮುಳ್ಳು 135 ಡಿಗ್ರಿಗೆ. ಫಾಯಿಲ್‌ನ ಹೊಳೆಯುವ ಬದಿ ಒಳಗಾ ಹೊರಗಾ ಅಂತ ಬಾಮೈದ ತಲೆ ತಿಂದ. ಯಾವ ಕಡೆ ಆದರೂ ಒಂದೇ ಮಾರಾಯ.

ಟೈಮರ್ 60 ನಿಮಿಷದಿಂದ ಆಚೆ ತಿರುಗಲ್ಲ. ಒಂದು ಗಂಟೆಗೆ ಟಿಣ್ ಅನ್ನುತ್ತೆ, ನಾನು ಮತ್ತೆ ತಿರುಗಿಸಬೇಕು. ಆದರೆ ಮನೆಯವರಿಗೆಲ್ಲ ಟಿಣ್ ಅಂದರೆ ಆಯ್ತು ಅಂತಲೇ ಅರ್ಥ. ಟಿಣ್ ಅನ್ನುವವರೆಗೂ ಯಾರು ಕಾದರು ಅಂತೀರಿ? ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತ ನೆಂಟರ ಹಾಗೆ ಒಬ್ಬೊಬ್ಬರೇ ಬಂದು ಬಾಗಿಲು ತೆಗೆದು ಬಗ್ಗಿ ನೋಡಿ, "ವಾಸನೆ ಬರ್ತಿದೆ" ಅಂತ ವರದಿ ಒಪ್ಪಿಸಿ ಹೋದರು. ಒಂದೊಂದು ಸಲ ತೆಗೆದಾಗಲೂ ಕಾವು ಇಳಿಯುತ್ತೆ. ನಾನು ಪಾಠ ಮಾಡಿದೆ. ಒಳಗೆ 63 ಡಿಗ್ರಿ ಆದರೆ ತಿನ್ನೋಕೆ ಅಪಾಯ ಇಲ್ಲ, ಆದರೆ ಅಗಿಯೋಕೆ ಆಗಲ್ಲ. ಮಾಂಸದ ನಡುವೆ ಇರುವ ಕೊಲಾಜೆನ್ ಅನ್ನೋ ಗಟ್ಟಿ ನಾರು 70 ದಾಟಿದ ಮೇಲೆ ನಿಧಾನಕ್ಕೆ ಕರಗಿ ಅಂಟುಅಂಟಾಗೋದು, 90ರ ಹತ್ತಿರ ಹೋಗಿ ಅಲ್ಲೇ ಸ್ವಲ್ಪ ಹೊತ್ತು ಇದ್ದರೆ ಮಾತ್ರ ಮೂಳೆ ಬಿಡೋದು. ಎಲ್ಲರೂ ತಲೆ ಆಡಿಸಿದರು. "ಕುಕ್ಕರ್‌ನಲ್ಲಿ ನಾಲ್ಕು ಸೀಟಿ," ಅಂದಳು ಅವ್ವ. ಅವಳು ಹೇಳಿದ್ದು ಸುಳ್ಳೇನಲ್ಲ, ಕುಕ್ಕರ್‌ನಲ್ಲೂ ಅದೇ ಕೊಲಾಜೆನ್ ಅದಕ್ಕಿಂತ ಬೇಗ ಕರಗುತ್ತೆ. ಆಕಾರ ಮಾತ್ರ ಉಳಿಯಲ್ಲ, ಮೇಲಿನ ಆ ಕರಿಗೆಂಪು ಪದರವೂ ಬರಲ್ಲ.

ಅಷ್ಟರಲ್ಲಿ ಬಾಮೈದ ಸ್ನಾನಕ್ಕೆ ಅಂತ ಗೀಸರ್ ಹಾಕಿದ. ಲೋಡ್ ಜಾಸ್ತಿಯಾಗಿ ಎಂಸಿಬಿ ಸ್ವಿಚ್ಚು ಬಿತ್ತು. ಅದನ್ನು ಎತ್ತಿ, ಗೀಸರ್ ಆರಿಸಿ, ಓಟಿಜಿ ಬಿಸಿ ಆಗುತ್ತಿದೆ ಅನ್ನುವಷ್ಟರಲ್ಲಿ ಜೂನ್ ತಿಂಗಳ ಮಳೆ ಎಲ್ಲಿತ್ತೋ ಬಂತು, ಇಡೀ ಬೀದಿಯ ಕರೆಂಟು ಹೋಯ್ತು. ಕತ್ತಲೆಯಲ್ಲಿ ಕೂತಿದ್ದೇವೆ, ಟಿಣ್! ಟೈಮರ್ ಸ್ಪ್ರಿಂಗಿನದು, ಅದಕ್ಕೆ ಕರೆಂಟು ಬೇಕಿಲ್ಲ. "ಆಯ್ತು!" ಅಂತ ಬಾಮೈದ ಮೊಬೈಲ್ ಟಾರ್ಚ್ ಹಿಡಿದು ಓಡಿದ.

ಅವ್ವ ಕುಕ್ಕರ್ ತೊಳೆದು ಇಟ್ಟಾಗಿತ್ತು. ದಾರಿ ತೋರಿಸಿದ್ದು ಹೆಂಡತಿ: "ಪೊದೇರನ ಹತ್ರ ತಗೊಂಡು ಹೋಗಿ." ಪೊದೇರ ಅಂದರೆ ಗೋವಾದಲ್ಲಿ ಪಾವ್ ಮಾಡುವವನು. ನಮ್ಮ ಓಣಿಯ ತುದಿಯಲ್ಲೇ ಪಾವ್ ಬೇಯಿಸುವ ಹಳೇ ಬೇಕರಿ, ಸೌದೆ ಒಲೆ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬೇಯಿಸಿ ಸೈಕಲ್ ಮೇಲೆ ಹಾರ್ನ್ ಒತ್ತಿಕೊಂಡು ಮಾರ್ತಾರೆ. ಟ್ರೇಗೆ ಟವೆಲ್ ಸುತ್ತಿ, ಕೊಡೆಯನ್ನು ನನಗೆ ಹಿಡಿಯದೆ ಟ್ರೇಗೆ ಹಿಡಿದು ಹೋದೆ. ಮಾಲೀಕ ಅಂಕಲ್ ಫಾಯಿಲ್ ಮೂಸಿ ನಕ್ಕರು, ಕ್ರಿಸ್ಮಸ್‌ಗೆ ಇಡೀ ಹಂದಿಮರಿ ತಂದು ಕೊಡೋರಿದ್ದಾರೆ, ಇದೇನು ಮಹಾ ಅಂದರು. ಒಲೆ ನೋಡಿಕೊಳ್ಳುವ ಹುಡುಗ ಬಾಗಲಕೋಟೆ ಕಡೆಯವನು. "ಈಗ ಒಲಿ ಭಾಳ ಕಾದೈತ್ರಿ ಸರ, ಸುಟ್ಟು ಹೊಕ್ಕೈತಿ. ಪಾವ್ ತಗದ ಮ್ಯಾಲ ಇಡೂಣ್ರಿ." ಒಲೆಯ ಬಾಯಿಗೆ ಕೈ ಒಡ್ಡಿ ಎಣಿಸುತ್ತಾ ನಿಂತ, ಸಾಕು ಅನ್ನಿಸಿದಾಗ ಉದ್ದನೆ ಹಲಗೆಯಲ್ಲಿ ಟ್ರೇ ಒಳಗೆ ತಳ್ಳಿ ತಗಡು ಮುಚ್ಚಿದ. ಪಾವ್ ಆದ ಮೇಲೆ ಆ ಒಲೆ ಗಂಟೆಗಟ್ಟಲೆ ಮೆಲ್ಲಗೆ ತಣಿಯುತ್ತಾ ಹೋಗುತ್ತೆ. ರಿಬ್ಸ್‌ಗೆ ಬೇಕಾದ್ದೂ ಅದೇ. ಎಲ್ಲಕ್ಕಿಂತ ಒಳ್ಳೇದು ಅಂದರೆ ನಮ್ಮ ಮನೆಯವರು ಯಾರೂ ಅಲ್ಲಿರಲಿಲ್ಲ.

ರಾತ್ರಿ ಹೋದಾಗ ಮಾಂಸ ಮೂಳೆಯ ತುದಿಯಿಂದ ಹಿಂದೆ ಸರಿದಿತ್ತು. ಇಕ್ಕಳದಲ್ಲಿ ನಡುವೆ ಹಿಡಿದು ಎತ್ತಿದರೆ ಎರಡೂ ಕಡೆ ಬಾಗಿ ಮೇಲ್ಮೈ ಬಿರಿಯಿತು. ಬೆಂದಿದೆ ಅನ್ನೋದಕ್ಕೆ ಅದೇ ಗುರುತು. ಸಾಸ್ ಹಚ್ಚೋದು ಈಗ. ಮೊದಲೇ ಹಚ್ಚಿದರೆ ಬೆಲ್ಲ ಸೀದು ಕಹಿಯಾಗುತ್ತೆ. ಹುಡುಗ ಕೆಂಡ ಮುಂದಕ್ಕೆಳೆದ, ನಾನು ಬ್ರಷ್‌ನಲ್ಲಿ ಸವರಿದೆ. ಸಾಸ್ ಗುಳ್ಳೆ ಗುಳ್ಳೆಯಾಗಿ ಕುದ್ದು ಅಂಚು ಕಪ್ಪಾಯ್ತು, ಸೌದೆ ಹೊಗೆಯೂ ಹತ್ತಿತು. ಮನೆ ಓವನ್ನಿನದು ಬಾರ್ಬೆಕ್ಯೂನೇ ಅಲ್ಲ, ಹೊಗೆ ಎಲ್ಲಿದೆ ಅಂತ ಕೇಳೋರು ಇರ್ತಾರಲ್ಲ, ಅವರ ಬಾಯಿಯೂ ಮುಚ್ಚಿತು. ಹುಡುಗನಿಗೆ ಒಂದು ಮೂಳೆ ಕೊಡಲು ಹೋದರೆ ಹಿಂದೆ ಸರಿದ. "ನಾವು ಹಂದಿ ತಿನ್ನಂಗಿಲ್ರಿ. ಕುರಿ ಮಾಡಿದ್ರ ಹೇಳ್ರಿ."

ಅಮೆರಿಕದ ಸ್ಪರ್ಧೆಗಳಲ್ಲಿ ಮಾಂಸ ತಾನಾಗೇ ಮೂಳೆಯಿಂದ ಕಳಚಿ ಬಿದ್ದರೆ ಜಾಸ್ತಿ ಬೆಂದಿದೆ ಅಂತ ಅಂಕ ಕಳೀತಾರಂತೆ. ನಮ್ಮದು ಕಳಚಿ ಬಿತ್ತು. ಹಲ್ಲಿನ ಸೆಟ್ ಹಾಕಿರುವ ಅವ್ವ ಅಂಕ ಕಳೆಯಲಿಲ್ಲ. ಮೇಣದಬತ್ತಿ ಬೆಳಕಲ್ಲಿ ಮಾತೇ ಆಡದೆ ತಿಂದಳು. ಕೈ ತೊಳೆದು ಬಂದ ಮೇಲೆ ತೀರ್ಪು ಬಂತು: "ಚೆನ್ನಾಗೇ ಇದೆ. ಹಂದಿ ಅಂತ ಗೊತ್ತಾಗಲ್ಲ, ಅಷ್ಟೆ."

ಫಾಯಿಲ್‌ನಲ್ಲಿ ಇಳಿದ ರಸ ಬಿಸಾಡಬಾರದು, ಕುದಿಸಿ ಇಂಗಿಸಿದರೆ ಒಳ್ಳೇ ಗ್ರೇವಿ ಆಗುತ್ತೆ. ನಾನು ಅದಕ್ಕೇ ಅಂತ ಲೋಟದಲ್ಲಿ ತೆಗೆದಿಟ್ಟಿದ್ದೆ. ಬೆಳಗ್ಗೆ ಏಳುವಷ್ಟರಲ್ಲಿ ಅವ್ವ ಅದನ್ನು, ಅಂಗಡಿಯವನು ಕೊಚ್ಚಿ ಕೊಟ್ಟಿದ್ದ ತುಂಡುಗಳ ಜೊತೆ ಕುಕ್ಕರ್‌ಗೆ ಸುರಿದು, ಮೆಣಸು ಕೊತ್ತಂಬರಿ ಹುರಿದು ಹಾಕಿ, ಸಾರು ಮಾಡಿ ಕಡುಬು ಬೇಯಿಸಿದ್ದಳು. ಬಾಮೈದ ಬೆಳಗಾವಿಗೆ ಡಬ್ಬಿಯಲ್ಲಿ ಕಟ್ಟಿಸಿಕೊಂಡು ಹೋಗಿದ್ದು ಅದನ್ನೇ.